ಬುಗ್ಗೆಯ ಮೊದಲ ಲೋಟ

ಪ್ರೀತಿಯ ಅಜ್ಜಿ, ಬೆಟ್ಟ ಇಳಿದು ಲಿಂಡೆನ್‌ಬ್ರುನ್ ತಲುಪಿದೆ. ಈ ಕಾರ್ಡಿನ ಆಚೆ ಬದಿಯ ಚಿತ್ರದಲ್ಲಿರುವ ಬಿಳಿ ಕಂಬಗಳ ಮಂಟಪವೇ ಬುಗ್ಗೆಯ ಮನೆ. ಹಿಂದೆ ಕುಂಟುತ್ತಾ ಬಂದ ಡ್ಯೂಕನೊಬ್ಬ ಈ ನೀರಿನಿಂದ ವಾಸಿಯಾಗಿ ಇದನ್ನು ಕಟ್ಟಿಸಿದನಂತೆ. ಎಷ್ಟು ಚೆಂದವೆಂದರೆ, ಒಳಗೆ ಕಾಲಿಡಲು ನನಗೆ ನಾಚಿಕೆಯಾಯಿತು.

ನೀರು ಕೊಡುವ ಕೆಲಸಕ್ಕೆ ಬಂದವಳು ಮೊದಲು ಎಲ್ಲರೆದುರು ಒಂದು ಲೋಟ ಕುಡಿಯಬೇಕು. ಮುಖ ಕಿವುಚಿದರೆ ಕೆಲಸವಿಲ್ಲ. ನನಗೆ ಮತ್ತೆ ಯಾರದೋ ಮನೆಯ ಚಾಕರಿಯೇ ಗತಿ.

"ಕೊಡೋಳೇ ಮುಖ ಸಿಂಡರಿಸಿದ್ರೆ ಕುಡಿಯೋರು ಯಾರೇ?" ಎಂದರು ಯಜಮಾನಿ ಒಟೀಲಿಯಾ.

ನನಗಿಂತ ಮುಂಚೆ ನಿಂತಿದ್ದ ಪೇಟೆಯ ಹುಡುಗಿ ಉಗುಳಿಯೇಬಿಟ್ಟಳು. ನಾನು ಕುಡಿದೆ. ಕೊಳೆತ ಮೊಟ್ಟೆಯ ವಾಸನೆ, ತುಕ್ಕಿನ ರುಚಿ. ನಮ್ಮ ಕೊಟ್ಟಿಗೆ ಹಿಂದಿನ ಒರತೆಯದೇ! ಖುಷಿಯಾಗಿ ಇನ್ನೊಂದು ಲೋಟ ಕೇಳಿದೆ.

"ಅಯ್ಯೋ, ಯಾವೂರೇ ನಿಂದು?"

ಕಿಟಕಿಯಲ್ಲಿ ಕಾಣುತ್ತಿದ್ದ ನಮ್ಮ ಬೆಟ್ಟವನ್ನು ತೋರಿಸಿದೆ.

"ಸರಿ ಬಿಡು, ಈ ನೀರು ಬರೋದೂ ಅದರ ಹೊಟ್ಟೆಯಿಂದ್ಲೇ. ಏಪ್ರನ್ ಕಟ್ಕೋ."

ಚೆನ್ನಾಗಿದ್ದೇನೆ. ಇಲ್ಲಿ ದೊಡ್ಡ ದೊಡ್ಡ ಮನುಷ್ಯರು ಟೋಪಿ ತೆಗೆದು ಈ ನೀರಿಗೆ ಸಾಲು ನಿಲ್ಲುತ್ತಾರೆ. ಒರತೆಯನ್ನೆಲ್ಲ ಹಸುಗಳಿಗೇ ಬಿಡಬೇಡ, ನಿನ್ನ ಮಂಡಿಗೂ ಸುರಿದುಕೋ.

ಕೆಲಸದ ಗಂಟೆ ಹೊಡೆಯಿತು, ಓಡಬೇಕು.
ನಿನ್ನ ಹೆಡ್ವಿಗ್