ಕಡೆಯುವ ಕಲ್ಲಿನ ಗುಂಡು ತಿರುಗಿಸಿದ್ದು ಯಾರು?

ಇಚಿಲಂಪಾಡಿಯ ಗೋದಾವರಿ ಅತ್ತಿಗೆಯವರ ಸಮ್ಮುಖಕ್ಕೆ,

ಬೆಟ್ಟಂಪಾಡಿಯಿಂದ ನಿಮ್ಮ ತಂಗಿಯ ಗಂಡ ಮಹಾಗಣಪತಿಯು ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಮಾಡುವ ನಮಸ್ಕಾರಗಳು. ಉದ್ದಂಡ ಬೀಳಬೇಕಾದ ಸಂದರ್ಭ ಇದು, ಒಪ್ಪುತ್ತೇನೆ. ಆದರೆ ಬಿದ್ದರೆ ಎಬ್ಬಿಸಲು ಜನ ಬೇಕು, ಇರುವ ಒಬ್ಬಳು ಒಳಗೆ ಚೀಲ ತುಂಬಿಸುತ್ತಿದ್ದಾಳೆ.

ನನ್ನ ಈ ಹುಚ್ಚಿನ ಹುಟ್ಟು ನಿಮಗೆ ಗೊತ್ತೇ ಇದೆ. ನನ್ನ ಪ್ರಾಯದ ಗೌರವಸ್ಥರು ಮಂಡಿನೋವು ಹಿಡಿಸಿಕೊಳ್ಳುತ್ತಾರೆ, ನಾನು ಅನಿಮೇಷನ್ ಹಿಡಿಸಿಕೊಂಡೆ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರಿನಲ್ಲಿ ಕುಣಿಯುವ ಅಡಿಕೆ ಗೊನೆ, ನಗುವ ಹಲಸಿನಹಣ್ಣು ಇತ್ಯಾದಿ ಮಹಾಕೃತಿಗಳನ್ನು ರಚಿಸಿ ಬಂಧುಬಳಗಕ್ಕೆ ಕಳುಹಿಸಿ, ಮೂರು ವಾಟ್ಸಾಪ್ ಗುಂಪುಗಳಿಂದ ಮರ್ಯಾದೆಯಿಂದ ಹೊರಬಿದ್ದೆ. ಆಗ ನಿಮ್ಮ ತಂಗಿ ದೇವಕಿ ಹೇಳಿದಳು: "ಹಲಸಿನಹಣ್ಣು ನಗಾಡಿದ್ದು ಸಾಕು. ಅಪ್ಪನ ಹೋಟ್ಲು ಮಾಡಿ ನೋಡುವ."

ಹಾಸ್ಯಕ್ಕೆ ಹೇಳಿದ್ದಲ್ಲ ಅವಳು. ಕಡಬ ಪೇಟೆಯ ಆ ಹೋಟೆಲಿನಲ್ಲಿ ನೀವಿಬ್ಬರೂ ಬೆಳೆದವರು. ರಸ್ತೆ ಅಗಲವಾಗುವಾಗ ಅದು ಹೋಯಿತು, ಮತ್ತು ಅದರದ್ದೊಂದು ನೆಟ್ಟಗಿನ ಫೋಟೋ ಇಲ್ಲ. ಇರುವ ಫೋಟೋಗಳಲ್ಲೆಲ್ಲ ಹೋಟೆಲಿಗೆ ಅಡ್ಡವಾಗಿ ನೆಂಟರು ನಿಂತಿದ್ದಾರೆ. ಅದರ ಜೊತೆ ಇನ್ನೊಂದು ಹೋಗಿತ್ತಲ್ಲ ಅತ್ತಿಗೆ. ಕೆಡಹುವ ಮೊದಲು, ಅಲ್ಲಿ ದೋಸೆಹಿಟ್ಟು ಅರೆಯುತ್ತಿದ್ದ ಕಡೆಯುವ ಕಲ್ಲನ್ನು ನೀವು ಹೋಟೆಲಿನ ಹಿಂದಿನ ಮನೆಯ ಅಮೀರಾಳಿಗೆ ಕೊಟ್ಟುಬಿಟ್ಟಿರಿ. ಮರುದಿನ ಬಂದ ದೇವಕಿ "ನನ್ನನ್ನೊಂದು ಮಾತು ಕೇಳ್ಬಹುದಿತ್ತು" ಎಂದಳು. "ಕೇಳ್ಲಿಕ್ಕೆ ನೀನು ಎಲ್ಲಿದ್ದಿ?" ಎಂದಿರಿ ನೀವು. ಅಷ್ಟೇ. ಆಮೇಲೆ ವರ್ಷಗಟ್ಟಲೆ ನಿಮ್ಮಿಬ್ಬರ ನಡುವೆ ಮಾತಿಲ್ಲ. ಮದುವೆಮನೆಗಳಲ್ಲಿ ನೀವು ಮೊದಲ ಪಂಕ್ತಿಗೆ ಕುಳಿತರೆ ಅವಳು ಎರಡನೆಯದಕ್ಕೆ. ನಾನು ಎರಡೂ ಕಡೆ ಪಾಯಸ ತಿನ್ನಬಲ್ಲ ತಟಸ್ಥ ರಾಷ್ಟ್ರವಾಗಿ ಉಳಿದೆ.

ಕಂಪ್ಯೂಟರಿನಲ್ಲಿ ಹೋಟೆಲು ಕಟ್ಟಲು ಕುಳಿತೆ. ಬೆಂಚು ಇಟ್ಟೆ, ಮೇಜು ಇಟ್ಟೆ, ಬನ್ಸ್ ಇಡುವ ಗಾಜಿನ ಕಪಾಟು ಇಟ್ಟೆ. ಅಳತೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿ ಕಪಾಟಿನೊಳಗೆ ಹೋಟೆಲೇ ಹಿಡಿಸುವಂತಾಯಿತು. ಗಿರಾಕಿಯನ್ನು ಬೆಂಚಿನಲ್ಲಿ ಕೂರಿಸಿದರೆ ಅವನು ಸಾವಕಾಶವಾಗಿ ಬೆಂಚಿನ ಮೂಲಕ ಇಳಿದು ಸೊಂಟದವರೆಗೆ ನೆಲದೊಳಗೆ ಹೋಗಿ ಅಲ್ಲಿಂದಲೇ ಕಾಫಿ ಕುಡಿದ. ದೇವಕಿಗೆ ಕಾಣದಂತೆ ನಿಮಗೊಂದು ಚಿತ್ರ ಕಳುಹಿಸಿದೆ. ತಕ್ಷಣ ಫೋನು ಬಂತು.

"ಎಂತ ಭಾವಾ, ಗ್ಲಾಸೆಲ್ಲ ಮೇಜಿಂದ ಎರಡು ಬೆರಳು ಮೇಲೆ ಹಾರ್ತಾ ಉಂಟು! ಅಪ್ಪನ ಹೋಟ್ಲಲ್ಲಿ ಕಾಫಿ ಮಾಡುದಾ, ಮಾಟ ಮಾಡುದಾ?"

ಅಂದಿನಿಂದ ನೀವು ನನ್ನ ಪರಿಶೀಲನಾಧಿಕಾರಿ. ಬಾಯ್ಲರು ಬಾಗಿಲಿನ ಎಡಕ್ಕೆ. ನೀರಿನ ಲೋಟಗಳು ಬೋರಲು. ಸಕ್ಕರೆ ಡಬ್ಬ ಗಿರಾಕಿಗಳ ಕೈಗೆ ಎಟಕದ ಕಡೆ. ಗೋಡೆಯ ಕ್ಯಾಲೆಂಡರಿನ ತಿಂಗಳು ಸಹ ನೀವು ಬಿಡಲಿಲ್ಲ: "ಅಪ್ಪ ಯಾವತ್ತೂ ಹರಿಯುದು ಮರೀತಿದ್ದದ್ದು, ಹಳೆ ತಿಂಗಳೇ ಇರ್ಲಿ." ನನ್ನ ಪಾಲಿಗೆ ಸಾಮಾನು ಜೋಡಿಸುವ ಕೆಲಸ, ನಿಮಗೆ ಬಹುಶಃ ಮನೆಗೆ ಹೋಗಿಬಂದ ಹಾಗೆ. ಕೆಲವೊಮ್ಮೆ ಸಾಮಾನಿನ ವಿಷಯ ಮುಗಿದ ಮೇಲೂ ನೀವು ಫೋನು ಇಡುತ್ತಿರಲಿಲ್ಲ. "ಮತ್ತೆಂತ?" ಎನ್ನುತ್ತಿದ್ದಿರಿ. ಆ ಮತ್ತೆಂತದ ಅರ್ಥ ನನ್ನ ಹೆಂಡತಿ ಹೇಗಿದ್ದಾಳೆ ಎಂದು ತಿಳಿಯಲಾರದಷ್ಟು ದಡ್ಡ ನಾನಲ್ಲ, ನೋಡುವವರಿಗೆ ಹಾಗೆ ಕಂಡರೂ.

ಸಂಕಟ ಬಂದದ್ದು ಹೋಟೆಲಿನ ಅಡುಗೆಕೋಣೆಯಲ್ಲಿ. ಇಬ್ಬರು ಹುಡುಗಿಯರು, ಎಂದರೆ ಅಂದಿನ ನೀವಿಬ್ಬರು, ಕಲ್ಲಿನ ಆಚೆಗೊಬ್ಬಳು ಈಚೆಗೊಬ್ಬಳು ಕುಳಿತು, ಒಂದೇ ಗುಂಡಿಗೆ ಇಬ್ಬರೂ ಕೈಹಾಕಿ ದೋಸೆಗೆ ಕಡೆಯುವ ದೃಶ್ಯ. ಕಂಪ್ಯೂಟರಿಗೆ ಇಂಥದ್ದರಲ್ಲಿ ಒಂದು ಹಟ ಇದೆ. ಯಾರಾದರೂ ಒಬ್ಬರು ನಡೆಸಬೇಕು, ಉಳಿದವರು ಹಿಂಬಾಲಿಸಬೇಕು. ಅಕ್ಕನ ಕೈ ನಡೆಸಿದರೆ ಗುಂಡು ಅದರ ಹಿಂದೆ, ತಂಗಿಯ ಕೈ ಗುಂಡಿನ ಹಿಂದೆ. ಇಬ್ಬರೂ ನಡೆಸುವವರೇ ಎಂದರೆ ಅದಕ್ಕೆ ತಲೆಕೆಡುತ್ತದೆ. ನಾನು ಹಾಗೇ ಕೊಟ್ಟೆ. ಗುಂಡು ಗಡಗಡ ನಡುಗಿ, ಹುಡುಗಿಯರ ಕೈಗಳನ್ನು ರಬ್ಬರಿನಂತೆ ಎಳೆದುಕೊಂಡು, ಮಾಡಿನ ಹಂಚು ದಾಟಿ ಆಕಾಶಕ್ಕೆ ಹೋಯಿತು.

ಹಾಗಾದರೆ ನಡೆಸಿದ್ದು ಯಾರು? ದೇವಕಿಯನ್ನು ಕೇಳಿದೆ. "ನಾನೇ ಮತ್ತೆ! ಅಕ್ಕ ಬರೀ ಕೈ ಇಟ್ಟುಕೊಂಡು ಕೂರುದು." ಅವಳು ಒಳಗೆ ಹೋದ ಮೇಲೆ ನಿಮಗೆ ಫೋನು ಮಾಡಿದೆ. ಎರಡೂ ಕೈ ಮೌಸು, ಕೀಬೋರ್ಡಿನ ಮೇಲಿದ್ದ ಕಾರಣ ಸ್ಪೀಕರ್ ಹಾಕಿದ್ದೆ. ನಿಮ್ಮ ಧ್ವನಿಗೆ ಆ ಸೌಲಭ್ಯ ಬೇಕಾಗಿಯೇ ಇರಲಿಲ್ಲ.

"ತಿರುಗಿಸಿದ್ದು ನಾನು ಭಾವಾ. ಅವಳು ಗುಂಡಿಗೆ ನೇತಾಡಿಕೊಂಡು ಕತೆ ಹೇಳುದು ಮಾತ್ರ."

"ಸುಳ್ಳು!" ಎಂದಿತು ಅಡುಗೆಕೋಣೆ.

ಅತ್ತಿಗೆ, ಅಷ್ಟು ವರ್ಷಗಳ ಮೌನ ಮುರಿದ ಆ ಶುಭಶಬ್ದವನ್ನು ನಾನು ಮರೆಯಲಾರೆ.  ನೀವು ಫೋನು ಇಟ್ಟುಬಿಡುತ್ತೀರೆಂದು ಹೆದರಿ ನಾನು ಮೌಸು ಬಿಟ್ಟು ಫೋನನ್ನೇ ಗಟ್ಟಿ ಹಿಡಿದುಕೊಂಡೆ. ಆಮೇಲೆ ನೀವು, "ಭಾವಾ, ಅವಳಿಗೆ ಹೇಳಿ, ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ." ದೇವಕಿಯಿಂದ ಉತ್ತರ: "ನೀವು ಹೇಳಿ ಅವಳಿಗೆ, ಕೈಯಲ್ಲಿ ಬೊಕ್ಕೆ ಬಂದದ್ದು ನನಗೆ!" ಇಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿದ್ದ ಮಾತುಗಳನ್ನು ನಡುವೆ ಕುಳಿತು ನಾನು ದಾಟಿಸಿದೆ. ಕೊನೆಗೆ ನೀವು ಘೋಷಿಸಿದಿರಿ: "ಆದಿತ್ಯವಾರ ಬರ್ತೇನೆ. ಕೂತು ತೋರಿಸ್ತೇನೆ."

ಬಂದಿರಿ. ಪುತ್ತೂರಿನಲ್ಲಿ ಬಸ್ಸು ಬದಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿದಿರಿ. ಕಲ್ಲಿಲ್ಲದ ಕಾರಣ ಅನ್ನದ ಪಾತ್ರೆ ಇಟ್ಟು, ಗುಂಡಿನ ಬದಲು ಸಿಪ್ಪೆ ಸುಲಿದ ತೆಂಗಿನಕಾಯಿ ಇಟ್ಟು, ನಾನು ಮೊಬೈಲು ಹಿಡಿದು ನಿಂತೆ. ದೇವಕಿ ಮುಖ ಆಚೆ ತಿರುಗಿಸಿ ಕೈ ಮಾತ್ರ ಚಾಚಿದಳು. ನೀವೂ ಹಾಗೇ. ಕಾಯಿ ತಿರುಗತೊಡಗಿತು.

ಆ ವಿಡಿಯೋವನ್ನು ಆಮೇಲೆ ನಿಧಾನ ಮಾಡಿ ನೋಡಿದೆ. ಕಾಯಿ ನಿಮ್ಮತ್ತ ಬರುವಾಗ ಎಳೆಯುವವರು ನೀವು, ಅವಳ ಕೈ ಸಡಿಲ. ಅವಳತ್ತ ಹೋಗುವಾಗ ಎಳೆಯುವವಳು ಅವಳು, ನಿಮ್ಮ ಕೈ ಸಡಿಲ. ತನ್ನ ಪಾಲಿನ ಎಳೆತ ಮಾತ್ರ ಒಬ್ಬೊಬ್ಬರ ತೋಳಿಗೆ ನೆನಪು. ಎರಡು ಸತ್ಯಗಳ ನಡುವೆ ಸಿಕ್ಕಿಕೊಂಡ ಕಂಪ್ಯೂಟರು ಗುಂಡನ್ನು ಹಂಚು ದಾಟಿಸಿದ್ದರಲ್ಲಿ ಅದರ ತಪ್ಪೇನೂ ಇರಲಿಲ್ಲ. ಕಲ್ಲಿನ ನಡುವೆ ಕಣ್ಣಿಗೆ ಕಾಣದ ಒಂದು ಬಿಂದು ಇಟ್ಟು ತಿರುಗಿಸಿದೆ. ಗುಂಡು, ಎರಡು ಕೈಗಳು, ಮೂರೂ ಅದನ್ನೇ ಹಿಂಬಾಲಿಸಲಿ ಎಂದೆ. ದೋಸೆ ಹಿಟ್ಟು ಸುಸೂತ್ರ ನುಣ್ಣಗಾಯಿತು.

ಆದರೆ ನಾನು ಕೃತಜ್ಞನಾಗಿರುವುದು ವಿಡಿಯೋ ನಿಂತ ಮೇಲಿನದ್ದಕ್ಕೆ. "ಸಾಕು, ಸಿಕ್ಕಿತು" ಎಂದೆ. ನೀವಿಬ್ಬರೂ ನಿಲ್ಲಿಸಲಿಲ್ಲ. ಖಾಲಿ ಪಾತ್ರೆಯಲ್ಲಿ ಕಾಯಿ ಗರಗರ ತಿರುಗುತ್ತಲೇ ಇತ್ತು. ದೇವಕಿ ಕಾಯಿಯನ್ನೇ ನೋಡುತ್ತ ಕೇಳಿದಳು, "ಅಮೀರಾ ಈಗಲೂ ಅದ್ರಲ್ಲಿ ಕಡೆಯುದಾ?"

"ದಿನಾ," ಎಂದಿರಿ ನೀವು. "ಜೆಸಿಬಿಯವ ಅದನ್ನು ಕಲ್ಲಿನ ರಾಶಿಗೆ ಹಾಕ್ಲಿಕ್ಕೆ ಹೊರಟಿದ್ದ, ಮಾರಾಯ್ತಿ. ನಿನ್ನನ್ನು ಕೇಳುವಷ್ಟು ಹೊತ್ತು ಇರ್ಲಿಲ್ಲ."

"ಅದನ್ನು ಆಗ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ನೀನು ಹೇಳ್ಲಿಕ್ಕೆ ಬಿಟ್ಟಿಯಾ?"

ಆಮೇಲೆ ಯಾರು ಮೊದಲು ಅತ್ತದ್ದು ಎಂಬ ಬಗ್ಗೆಯೂ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರುವುದರಿಂದ ಅದನ್ನು ಇಲ್ಲಿ ದಾಖಲಿಸುವುದಿಲ್ಲ. ಮೊಬೈಲು ಬದಿಗಿಟ್ಟು ನಾನೇ ಹೋಗಿ ಕಾಫಿ ಮಾಡಿದೆ. ಅದು ಚೆನ್ನಾಗಿರಲಿಲ್ಲವೆಂಬ ವಿಷಯದಲ್ಲಿ ಮಾತ್ರ ನಿಮ್ಮಿಬ್ಬರದ್ದೂ ಒಂದೇ ಅಭಿಪ್ರಾಯ.

ಸಿನೆಮಾ ಮುಗಿದಿದೆ. ನಿಮ್ಮನ್ನು ದಪ್ಪ ಮಾಡಿದ್ದೇನೆಂಬ ಆಕ್ಷೇಪವನ್ನು ಸ್ವೀಕರಿಸಿ, ದೇವಕಿಯನ್ನೂ ಅಷ್ಟೇ ದಪ್ಪ ಮಾಡಿ ನ್ಯಾಯ ಒದಗಿಸಿದ್ದೇನೆ. ಹಾರುವ ಗ್ಲಾಸಿನಿಂದ ಹಿಡಿದು ಹಟಮಾರಿ ಗುಂಡಿನವರೆಗೆ ನೀವು ಬೈದು ಸರಿಮಾಡಿಸಿದ್ದಕ್ಕೆಲ್ಲ ನಾನು ಋಣಿ. ಸಿನೆಮಾದ ಪೆನ್‌ಡ್ರೈವ್ ಮತ್ತು ಈ ಕಾಗದ ಎರಡನ್ನೂ ದೇವಕಿಯ ಚೀಲದಲ್ಲಿ ಹಾಕುತ್ತಿದ್ದೇನೆ. ಈಗಿನ ಬಸ್ಸಿಗೆ ನಿಮ್ಮಲ್ಲಿಗೆ ಹೊರಟಿದ್ದಾಳೆ. ವಾಪಸು ಯಾವಾಗ ಎಂದು ನಾನು ಕೇಳಿಲ್ಲ, ದಯವಿಟ್ಟು ನೀವೂ ಕೇಳಬೇಡಿ.

ನಿಮ್ಮಿಬ್ಬರ ಜಗಳ ನೂರ್ಕಾಲ ಹೀಗೇ ಬಾಯಿಬಿಟ್ಟು ನಡೆಯಲಿ ಎಂದು ಹಾರೈಸುವ,

ಗಂಜಿಗೆ ನೀರೆಷ್ಟು ಇಡಬೇಕೆಂದು ಸಂಜೆ ಫೋನು ಮಾಡಲಿರುವ,
ನಿಮ್ಮ ಭಾವ
ಮಹಾಗಣಪತಿ