ಅವನ ಕೈ ಎಲ್ಲಿಗೆ ಹೋಗುತ್ತಿತ್ತು

ಪ್ರೀತಿಯ ಸಿಗ್ರಿಡ್,

ನೀನು ಫೋನ್ ಎತ್ತುತ್ತಿಲ್ಲ. ಬಾಗಿಲು ಬಡಿದರೆ ಒಳಗೆ ಕಿಟಕಿಯ ಪರದೆ ಅಲುಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಆದರೆ ನಿನ್ನದೇ ಗಾಜಿನ ಪಾತ್ರೆ ಮೆಟ್ಟಿಲ ಮೇಲೆ ಬಂದು ಕೂತರೆ ಅದನ್ನು ಹಿಮದಲ್ಲಿ ಬಿಡುವವಳಲ್ಲ ನೀನು. ಅದಕ್ಕೇ ನೀನು ಒಲೆಯಲ್ಲಿ ಬೇಯಿಸಿದ ಹಾಟ್‌ಡಿಶ್ ತುಂಬಿ ಕಳಿಸಿದ್ದ ಪಾತ್ರೆಯನ್ನು ತೊಳೆದು, ತಳಕ್ಕೆ ಅಂಟಿಸಿದ ನಿನ್ನ ಹೆಸರಿನ ಟೇಪನ್ನು ಹಾಗೇ ಬಿಟ್ಟು, ಒಳಗೆ ಈ ಕಾಗದ ಇಡುತ್ತಿದ್ದೇನೆ. ಖಾಲಿ ಪಾತ್ರೆ ವಾಪಸು ಕೊಟ್ಟರೆ ನನ್ನಮ್ಮ ಬೈಯುತ್ತಿದ್ದಳು. ಕೊಡಲು ನನ್ನ ಹತ್ತಿರ ಈಗ ಇದೊಂದೇ ಇದೆ.

ಚರ್ಚಿನವರು ಕಳಿಸಿದ ಅಡುಗೆಯಿಂದ ನನ್ನ ಫ್ರೀಜರಿನ ಬಾಗಿಲು ಮುಚ್ಚುತ್ತಿಲ್ಲ. ಟೆರೆಲ್ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಾನೆ, ಬಲಗೈ ಇನ್ನೂ ಕೊರಳ ಪಟ್ಟಿಯಲ್ಲಿ ತೂಗುತ್ತಿದೆ. "ಅಮ್ಮ, ನಮ್ಮ ಚರ್ಚಿನೋರು ನನ್ನ ಈ ಕೇಸಿಂದ ಬಿಡಿಸ್ತಾರೋ ಇಲ್ವೋ, ಹಸಿವಿಂದ ಸಾಯೋಕಂತೂ ಬಿಡಲ್ಲ" ಅಂದ ಮೊನ್ನೆ. ನನ್ನನ್ನು ನಗಿಸಲು ಹೇಳಿದ. ನಾನು ನಕ್ಕೆ, ಆಮೇಲೆ ಒಗೆಯುವ ಬಟ್ಟೆ ತೆಗೆದುಕೊಂಡು ಕೆಳಗೆ ಹೋಗಿ ಅತ್ತೆ.

ಸುತ್ತಿ ಬಳಸಿ ಬರೆಯಲು ನನಗೆ ಸಮಯವಿಲ್ಲ. ಗುರುವಾರ ಬೆಳಿಗ್ಗೆ ನನ್ನ ಮಗ ಕೋರ್ಟಿನಲ್ಲಿ, ಪೊಲೀಸನ ಬಾಯಿಗೆ ಗುದ್ದಿದ್ದು ನಿಜ ಎಂದು ಒಪ್ಪಿಕೊಳ್ಳಲಿದ್ದಾನೆ. ಒಪ್ಪಿಕೊಂಡರೆ ಜೈಲಿಲ್ಲ ಎಂದು ಸರ್ಕಾರಿ ವಕೀಲರು ಹೇಳಿದ್ದಾರೆ. ಆದರೆ ಸಾಯುವವರೆಗೂ ಅವನ ಹೆಸರಿನ ಮುಂದೆ ಆ ಅಪರಾಧ ಇರುತ್ತದೆ. ಶಾಲೆಯ ಬಸ್ಸು ಓಡಿಸುವ ಕೆಲಸ ಅವನಿಗೆ ಈಗಷ್ಟೇ ಸಿಕ್ಕಿತ್ತು, ಇನ್ನು ಯಾವ ಊರಿನ ಶಾಲೆಯೂ ಅವನನ್ನು ಮಕ್ಕಳ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವನು ಗುದ್ದಲಿಲ್ಲ, ಸಿಗ್ರಿಡ್. ಆ ಪೊಲೀಸನನ್ನು ಬಿಟ್ಟರೆ ಅದನ್ನು ಕಣ್ಣಾರೆ ಕಂಡವಳು ನೀನೊಬ್ಬಳೇ.

ನಮ್ಮ ಸ್ನೇಹ ಶುರುವಾದದ್ದೂ ಇಂಥದೇ ಜನವರಿಯಲ್ಲಿ. ವಾಯುಪಡೆಯಲ್ಲಿದ್ದ ಗಂಡನ ಹಿಂದೆ ನಾನು ಈ ಸರೋವರದ ಊರಿಗೆ ಬಂದ ಹೊಸತು. ಚರ್ಚಿನ ಮೇಲಿನ ದೊಡ್ಡ ಮಂದಿರದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬೆಂಚು ಮೊದಲೇ ಮೀಸಲಾಗಿತ್ತು. ಕಪ್ಪು ಜನರಾದ ನಾವು ಹೋಗಿ ಕೂತರೆ ಆ ಬೆಂಚಿನವರು ನಗುನಗುತ್ತಲೇ ಎದ್ದು ಬೇರೆ ಕಡೆ ಜಾಗ ಹುಡುಕಿಕೊಳ್ಳುತ್ತಿದ್ದರು. ಕ್ರಿಸ್‌ಮಸ್ ಕಳೆದ ಮೇಲೆ ಮಂದಿರಕ್ಕೆ ಬೀಗ ಹಾಕಿ, ಕಾವು ಉಳಿಸಲೆಂದು ಎಲ್ಲರೂ ನೆಲಮಾಳಿಗೆಯ ಹಾಲಿಗೆ ಇಳಿದೆವು. ಅಲ್ಲಿ ಬೆಂಚುಗಳಿರಲಿಲ್ಲ, ಮಡಚುವ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನೀನು ನಿನ್ನ ಕುರ್ಚಿಯನ್ನು ಪ್ರಾರ್ಥನೆಯ ನಡುವೆಯೇ ಕರಕರ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದೆ. "ಈ ಚಳೀಲಿ ದೂರ ದೂರ ಕೂತ್ರೆ ಇಬ್ರೂ ಹೆಪ್ಪುಗಟ್ತೀವಿ ಕಣೇ, ಸ್ವಲ್ಪ ಸರಿ ಇತ್ತ" ಅಂದೆ. ನನ್ನ ಹೆಸರು ಕೂಡ ನಿನಗೆ ಗೊತ್ತಿರಲಿಲ್ಲ. ಆ ವರ್ಷದಿಂದ ಚಳಿಗಾಲವೇ ನನ್ನ ಕಾಲವಾಯಿತು. ಈಸ್ಟರಿಗೆ ಎಲ್ಲರೂ ಮತ್ತೆ ಮೇಲೆ ಹತ್ತಿ ತಮ್ಮ ತಮ್ಮ ಬೆಂಚು ಸೇರಿಕೊಂಡಾಗ ನಾನು ಮುಂದಿನ ಹಿಮಕ್ಕೆ ಕಾಯುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಟೆರೆಲ್‌ನ ದೀಕ್ಷಾಸ್ನಾನವೂ ಆ ನೆಲಮಾಳಿಗೆಯಲ್ಲೇ ಆಯಿತು. ದೇವರ ಮುಂದೆ ಅವನ ಹೊಣೆ ಹೊತ್ತ ಜ್ಞಾನತಾಯಿಯಾಗಿ ಅವನನ್ನು ಎತ್ತಿಕೊಂಡಿದ್ದವಳು ನೀನು. ತಲೆಗೆ ನೀರು ಬೀಳುತ್ತಿದ್ದಂತೆ ಅವನು ನಿನ್ನ ಕಿವಿಯೋಲೆ ಹಿಡಿದು ಜಗ್ಗಿದ. "ನೋಡ್ದೇನೇ ಅರ್ನಿ, ನನ್ನ ಆಸ್ತಿಗೆ ಈಗ್ಲೇ ಕೈ ಹಾಕ್ತಿದಾನೆ" ಎಂದು ನೀನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದಕ್ಕೆ ಪಾಸ್ಟರಿಗೂ ನಗು ಬಂದು ಪ್ರಾರ್ಥನೆ ತಪ್ಪಿತು. ಮಕ್ಕಳಿಲ್ಲದ ನೀನು ಅವನ ಪ್ರತಿ ಹುಟ್ಟುಹಬ್ಬಕ್ಕೂ ಹಿಮದಲ್ಲಿ ನಡೆದು ಕೇಕು ತಂದವಳು.

ಚರ್ಚಿನಲ್ಲಿ ಜನಾಂಗ ನ್ಯಾಯದ ಬಳಗ ಕಟ್ಟಿದವಳೂ ನೀನೇ. ಬುಧವಾರ ಸಂಜೆ ಸೂಪು ಕುಡಿದು ನೀವೆಲ್ಲ ದುಂಡಗೆ ಕೂತು ಕಪ್ಪು ಜನರ ಕಷ್ಟದ ಪುಸ್ತಕಗಳನ್ನು ಓದುತ್ತಿದ್ದಿರಿ. ಓದುತ್ತ ಓದುತ್ತ ಅಳುತ್ತಿದ್ದಿರಿ. ಆಗೆಲ್ಲ ಟಿಶ್ಯೂ ಡಬ್ಬ ಹಿಡಿದು ಒಬ್ಬೊಬ್ಬರ ಹತ್ತಿರ ಹೋಗುತ್ತಿದ್ದವಳು ನಾನು. ಮನೆಗೆ ಬಂದು, "ಇವತ್ತೂ ಬಿಳಿಯರ ಕಣ್ಣೊರೆಸಿ ಬಂದೆ" ಎಂದು ಆಗಿನ್ನೂ ಬದುಕಿದ್ದ ಗಂಡನ ಹತ್ತಿರ ಹೇಳಿಕೊಂಡು ನಗುತ್ತಿದ್ದೆ. ಆದರೂ ನಿನ್ನನ್ನು ಮಾತ್ರ ನಂಬಿದ್ದೆ. ನೀನು ಬರೀ ಓದಿನವಳಾಗಿರಲಿಲ್ಲ. ರಸ್ತೆಯ ಮೂಲೆಯಲ್ಲಿ ಫಲಕ ಹಿಡಿದು ನಿಂತಿದ್ದಾಗ ಕಾರಿನವನೊಬ್ಬ ನಿನ್ನ ಮುಖಕ್ಕೇ ಕಾಫಿ ಎರಚಿದ. ನೀನು ಫಲಕ ಇಳಿಸಲಿಲ್ಲ, "ಸಕ್ಕರೆ ಕಮ್ಮಿ ಆಯ್ತು" ಅಂದೆ. ಅಂಥವಳು ಈಗ ಪರದೆಯ ಹಿಂದೆ ಅಡಗಿ ಕೂತಿದ್ದಾಳೆ ಎಂದರೆ ನನಗೆ ಸಹಿಸಲು ಆಗುತ್ತಿಲ್ಲ.

ಇದೆಲ್ಲ ನಡೆದ ಆ ಭಾನುವಾರ ನಿಮ್ಮ ಬಳಗದ ವಾರ್ಷಿಕ ಆರಾಧನೆ ಇತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ಆರ್ವಿಡ್ ತೀರಿಕೊಂಡ ಮೇಲೆ, ಮಿನಿಯಾಪೊಲಿಸ್ ಬಿಟ್ಟು ಮನೆಗೆ ಮರಳಿದ್ದ ಟೆರೆಲ್ ಆ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡಿದ್ದ. ಆ ಹಳೆಯ ಬಾಯ್ಲರಿಗೆ ಜನ ಬರುವುದಕ್ಕೆ ಬಹಳ ಮೊದಲೇ ಬೆಂಕಿ ಹಚ್ಚಬೇಕು. ಪಕ್ಕದ ಬಾಗಿಲಿನ ಬೀಗ ಮಂಜುಗಟ್ಟಿ ತಿರುಗಲಿಲ್ಲವಂತೆ. ಅವನು ಹಿಂದಿನ ನೆಲಬಾಗಿಲನ್ನು ಕಬ್ಬಿಣದ ಸರಳಿನಿಂದ ಮೀಟಿ ಒಳಗಿಳಿದ. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಅದನ್ನು ನೋಡಿ ಪೊಲೀಸರಿಗೆ ಫೋನ್ ಮಾಡಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ನೀನು ಮುಂಬಾಗಿಲಿಂದ ಬಂದು ಅಡುಗೆಕೋಣೆಯಲ್ಲಿ ಕಾಫಿಗೆ ನೀರಿಟ್ಟಿದ್ದೆ.

ನಾನು ಟೆರೆಲ್‌ನನ್ನು ಕಂಡದ್ದು ಆಸ್ಪತ್ರೆಯಲ್ಲಿ. ಅವನ ಭುಜದ ಕೀಲು ತಪ್ಪಿತ್ತು. ಪೊಲೀಸ ಅವನನ್ನು ಕೆಡವಿದಾಗ ಗೋಡೆಗೆ ಒರಗಿಸಿದ್ದ ಕುರ್ಚಿಗಳೆಲ್ಲ ಇಬ್ಬರ ಮೇಲೂ ಉರುಳಿ, ಪೊಲೀಸನ ತುಟಿಯೂ ಒಡೆದಿತ್ತು. ಒಡೆದದ್ದು ಕುರ್ಚಿಯಿಂದ ಎನ್ನುತ್ತಾನೆ ಟೆರೆಲ್. ಗುದ್ದಿನಿಂದ ಎನ್ನುತ್ತಾನೆ ಪೊಲೀಸ.

ಆಮೇಲೆ ನೀವೆಲ್ಲ ಎಷ್ಟೊಂದು ಮಾಡಿದಿರಿ. ಕೋರ್ಟಿನ ಮುಂದೆ ಹಿಮದಲ್ಲಿ ಮೇಣದಬತ್ತಿ ಹಿಡಿದು ಹಾಡಿದಿರಿ. ಪ್ರತಿ ವಿಚಾರಣೆಗೂ ಬಂದು, ನ್ಯಾಯಾಧೀಶರ ಕಣ್ಣಿಗೆ ಕಾಣಲೆಂದು ಹಳದಿ ಸ್ಕಾರ್ಫ್ ಕಟ್ಟಿಕೊಂಡು ಸಾಲಾಗಿ ಕೂತಿರಿ. ನೆಲಮಾಳಿಗೆಯಲ್ಲಿ ಗಾಯ ಮಾಯಿಸುವ ಕೂಟ ಎಂದು ನಡೆಸಿದಿರಿ. ಕೈಯಿಂದ ಕೈಗೆ ದಾಟುವ ದೀಪ ಯಾರ ಕೈಗೆ ಬರುತ್ತದೋ ಅವರು ಮಾತಾಡಬೇಕು. ತಮಗೆ ಎಷ್ಟು ನೋವಾಯಿತು, ಎಷ್ಟು ದಿನ ನಿದ್ದೆ ಬರಲಿಲ್ಲ ಎಂದು ಎಲ್ಲರೂ ಹೇಳಿದರು. ದೀಪ ನಿನ್ನ ಕೈಗೆ ಬಂತು. ನೀನು ಏನೂ ಹೇಳದೆ ಅದನ್ನು ಪಕ್ಕದವರಿಗೆ ದಾಟಿಸಿದೆ. ಚರ್ಚಿನ ವಿಮೆ ಕಂಪನಿಯ ವಕೀಲರು ಯಾರೂ ಬಾಯಿ ಬಿಡಬಾರದು ಎಂದಿದ್ದಾರೆ, ಪಾಪ ಅವಳೇನು ಮಾಡಿಯಾಳು ಎಂದು ಪಾಸ್ಟರ್ ಡಗ್ಲಸ್ ನನ್ನ ಕೈ ಅದುಮಿ ಹೇಳಿದರು. ನಾನೂ ಅದನ್ನೇ ನಂಬಿದ್ದೆ. ನೀನು ನಮ್ಮ ವಕೀಲೆಗೆ "ನನಗೆ ಏನೂ ನೆನಪಿಲ್ಲ" ಎಂದು ಹೇಳಿಕಳಿಸಿದಾಗಲೂ, ಪಾಪ ಹೆದರಿದ್ದಾಳೆ ಅಂದುಕೊಂಡೆ.

ಸೋಮವಾರ ಆ ವಕೀಲೆ, ಮಾಯ್ ಶೋಂಗ್, ನನ್ನನ್ನು ತನ್ನ ಕಚೇರಿಗೆ ಕರೆದು ಪೊಲೀಸನ ಎದೆಯ ಮೇಲಿನ ಕ್ಯಾಮೆರಾದಲ್ಲಿ ಮೂಡಿದ್ದನ್ನು ತೋರಿಸಿದಳು. ಅವಳು ತೋರಿಸುವುದು ಟೆರೆಲ್‌ಗೆ ಇಷ್ಟವಿರಲಿಲ್ಲ, ಅದು ಯಾಕೆಂದು ನೋಡಿದ ಮೇಲೆ ತಿಳಿಯಿತು. ನೆಲಮಾಳಿಗೆಯ ನಡುವೆ ಅವನು ನಿಂತಿದ್ದಾನೆ, ತಲೆಗೆ ಟೊಪ್ಪಿಗೆ, ಮೂಗಿನ ತನಕ ಮಫ್ಲರ್. ಆಗ ಅಡುಗೆಕೋಣೆಯಿಂದ ಬಂದ ನಿನ್ನನ್ನು ಪೊಲೀಸ ಕೇಳುತ್ತಾನೆ, "ಮೇಡಂ, ಇವನು ಗೊತ್ತಾ ನಿಮಗೆ?" ಆಮೇಲೆ ನಿನ್ನ ದನಿ. ಕತ್ತಲಲ್ಲಿ ಕೇಳಿದರೂ ಗುರುತು ಹಿಡಿಯುವ ನಿನ್ನ ದನಿ.

"ಇಲ್ಲ, ಇವನು ನಮ್ಮವನಲ್ಲ."

ಟೆರೆಲ್ ಏನೋ ಹೇಳುತ್ತಾನೆ. ಅವನೇ ಹಚ್ಚಿದ ಬಾಯ್ಲರಿನ ಹಬೆ ಆಗ ತಾನೇ ಕೊಳವೆಗಳಿಗೆ ನುಗ್ಗಿ ಢಣಢಣ ಬಡಿಯುತ್ತಿರುತ್ತದೆ, ಒಂದು ಮಾತೂ ಕೇಳುವುದಿಲ್ಲ. ಅವನ ಬಲಗೈ ಮೇಲೇಳುತ್ತದೆ. ಅಷ್ಟಕ್ಕೇ ಚಿತ್ರ ಅಲ್ಲಾಡಿ, ಆಮೇಲೆ ಬರೀ ಛಾವಣಿಯ ದೀಪ. ಕೈ ಎದ್ದದ್ದು ಕಾಣುತ್ತದೆ. ಎಲ್ಲಿಗೆ ಹೋಗುತ್ತಿತ್ತು ಎಂಬುದು ಕಾಣುವುದಿಲ್ಲ.

ಮನೆಗೆ ಬಂದು ಟೆರೆಲ್‌ನನ್ನು ಕೇಳಿದೆ. "ಅಮ್ಮ, ಆಂಟಿ ಕನ್ನಡಕಕ್ಕೆ ಹಬೆ ಹಿಡಿದಿತ್ತು, ನಂಗೂ ಗಡ್ಡ ಬಂದಿದೆ. ಮುಖ ತೋರ್ಸೋಣ ಅಂತ ಮಫ್ಲರ್ ಕೆಳಗೆ ಎಳ್ದೆ, ಅಷ್ಟೇ. ನೀನು ಆಂಟಿ ಹತ್ರ ಜಗಳಕ್ಕೆ ಹೋಗ್ಬೇಡ. ನಿಂಗಿರೋದೇ ಅವ್ರೊಬ್ರು" ಅಂದ. ಇಷ್ಟು ದಿನ ಅವನು ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ಸ್ನೇಹಿತೆ ನನಗೆ ಉಳಿಯಲಿ ಎಂದು. ಅವನು ಕೈ ಎತ್ತಿದ್ದು ನಿನಗೆ ಗುರುತು ಸಿಗಲಿ ಎಂದು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯ್ಲರಿಗೆ ಬೆಂಕಿ ಹಚ್ಚಲು ಬರುವವನು ಅವನೇ ಎಂದು ನಿನಗೆ ಗೊತ್ತಿತ್ತು. ಆದರೂ ಕಪ್ಪು ಕೈ, ಟೊಪ್ಪಿಗೆ, ಪೊಲೀಸ, ಇಷ್ಟು ಕಂಡದ್ದೇ ನೀನು ಎತ್ತಿ ಆಡಿಸಿದ ಮಗು ನಿನಗೆ ಯಾರೋ ಆಗಿಬಿಟ್ಟ. ಸೋಮವಾರದಿಂದ ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ನೀನು ಸುಮ್ಮನಿರುವುದು ವಿಮೆಯವರ ಭಯಕ್ಕಲ್ಲ ಎಂದು ಈಗ ಗೊತ್ತಾಗಿದೆ. ಇದು ಊರಿಗೆಲ್ಲ ತಿಳಿಯುತ್ತದೆ, ನಾಳೆ ಬಳಗದವರ ಮುಖ ಹೇಗೆ ನೋಡಲಿ, ಅರ್ನಿಯ ಮುಖ ಹೇಗೆ ನೋಡಲಿ ಎಂದು ನಾಚಿ ಕೂತಿದ್ದೀಯ. ನನಗೆ ಗೊತ್ತಾಗಿದೆಯಲ್ಲ, ಇನ್ನು ಯಾರಿಗೆ ಹೆದರುತ್ತೀಯ? ನನಗೆ ನಿನ್ನ ಮೇಲೆ ಬೆಂಕಿಯಂಥ ಸಿಟ್ಟಿದೆ, ಅದನ್ನು ಆಮೇಲೆ ನೋಡಿಕೊಳ್ಳೋಣ. ಬೇಕಾದರೆ ಉಳಿದ ಆಯುಷ್ಯವೆಲ್ಲ ಜಗಳವಾಡೋಣ. ಈಗ ಮಾತ್ರ ನಿನ್ನ ಕಾಲು ಹಿಡಿಯುತ್ತೇನೆ.

ಮಾಯ್ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನಿಧಾನವಾಗಿ ಓದು. "ಜ್ಞಾನತಾಯಿ ಬಂದು ಮಗನ ಪರ ಹೇಳಿದ್ರೆ ಯಾರು ನಂಬ್ತಾರೆ? ಉಳಿಸೋಕೆ ಸುಳ್ಳು ಹೇಳ್ತಾಳೆ ಅಂತಾರೆ. ಆದ್ರೆ ಆ ಗಳಿಗೇಲಿ ಆಕೆಗೆ ಅವನು ಯಾರೋ ಹೊರಗಿನೋನು. ಹೆದರಿದ್ಲು. ಹೆದರಿದೋರು ಎದುರಿಗಿರೋನ ಕೈ ಮೇಲೇ ಕಣ್ಣಿಟ್ಟಿರ್ತಾರೆ. ಆ ಕೈ ತನ್ನ ಮುಖಕ್ಕೇ ಹೋಯ್ತು, ಪೊಲೀಸನ ಕಡೆಗಲ್ಲ ಅಂತ ಆಕೆ ಹೇಳಿದ್ರೆ ನಂಬದೆ ಇರೋಕೆ ಯಾರಿಗೂ ಆಗಲ್ಲ. ನೆನಪಿಲ್ಲ ಅನ್ನೋ ಸಾಕ್ಷೀನ ಎಳ್ಕೊಂಡು ಬಂದ್ರೆ ಪೆಟ್ಟು ನಮಗೇ. ತಾನಾಗಿ ಬರ್ಬೇಕು."

ಅರ್ಥವಾಯಿತೇ ಸಿಗ್ರಿಡ್? ನೀನು ಯಾವುದನ್ನು ಮುಚ್ಚಿಡಲು ಒದ್ದಾಡುತ್ತಿದ್ದೀಯೋ ಅದನ್ನು ಹೇಳಿದರೆ ಮಾತ್ರ ನನ್ನ ಮಗ ಉಳಿಯುತ್ತಾನೆ. "ನಾನು ಅವನನ್ನು ಗುರುತಿಸಲಿಲ್ಲ, ನಮ್ಮವನಲ್ಲ ಅಂದೆ, ಅದಕ್ಕೇ ಅವನು ನನಗೆ ಮುಖ ತೋರಿಸಲು ಮಫ್ಲರ್ ಎಳೆದ, ಕೈ ಅಲ್ಲಿಗೇ ಹೋಯಿತು." ಇಷ್ಟೇ ಹೇಳಬೇಕಾದದ್ದು. ಇದನ್ನು ಮುಚ್ಚಿಟ್ಟು ಬೇರೆ ಏನು ಒಳ್ಳೆಯದು ಹೇಳಿದರೂ ಪ್ರಯೋಜನವಿಲ್ಲ.

ಇವತ್ತು ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವಾಗ ಬಚ್ಚಲಿನಿಂದ ಟೆರೆಲ್‌ನ ದನಿ ಕೇಳಿಸಿತು. ಯಾರ ಹತ್ತಿರ ಮಾತಾಡುತ್ತಿದ್ದಾನೆ ಎಂದು ನಿಂತೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದ. "ಹೌದು, ನಾನು ಹೊಡೆದೆ." ಸ್ವಲ್ಪ ಬಿಟ್ಟು, ಇನ್ನೂ ಗಟ್ಟಿಯಾಗಿ, "ಹೌದು ಸ್ವಾಮಿ, ನಾನು ಅವರನ್ನು ಹೊಡೆದೆ." ತಡವರಿಸದೆ ಬರಬೇಕಲ್ಲ. ಚಿಕ್ಕವನಿದ್ದಾಗ ಕ್ರಿಸ್‌ಮಸ್ ನಾಟಕಕ್ಕೆ ನೀನು ಅವನಿಗೆ ಮಾತು ಕಲಿಸುತ್ತಿದ್ದದ್ದು ಇದೇ ಬಚ್ಚಲಿನ ಕನ್ನಡಿಯ ಮುಂದೆ. ದೇವರನ್ನು ಕರೆಯಲು ನೋಡಿದೆ, ಬಾಯಿಗೆ ಬಂದದ್ದು ನಿನ್ನ ಹೆಸರು.

ಗುರುವಾರ ಬಳಗದವರೆಲ್ಲ ಹಳದಿ ಸ್ಕಾರ್ಫ್ ಕಟ್ಟಿಕೊಂಡು ಬರುತ್ತಾರೆ. ಅವರ ಜೊತೆ ಸುಮ್ಮನೆ ಕೂರುವುದಾದರೆ ನೀನು ಬರಬೇಡ, ನನ್ನಿಂದ ನೋಡಲಾಗುವುದಿಲ್ಲ. ಹೇಳುವುದಾದರೆ ಬಾ. ಟೆರೆಲ್‌ನ ಹೆಸರು ಕೂಗುವ ಮೊದಲು ಮಾಯ್ ಬಾಗಿಲ ಹತ್ತಿರ ಕಾಯುತ್ತಿರುತ್ತಾಳೆ. ಹೇಳಿಕೆ ಕೊಡುತ್ತೇನೆ ಎಂದು ನೀನು ಅಂದರೆ ಸಾಕು, ಆ ಒಪ್ಪಂದವನ್ನು ಅಲ್ಲೇ ಬೇಡ ಎನ್ನುತ್ತಾಳಂತೆ.

ನಿನ್ನ ಮಂಡಿನೋವು ನನಗೆ ಗೊತ್ತು. ಹಾಡಿಗೆ ಮೊದಲು ಪಾಸ್ಟರ್ ಪ್ರತಿ ವಾರ ಹೇಳುತ್ತಾರಲ್ಲ, ದೇಹದಿಂದ ಆಗದಿದ್ದರೆ ಆತ್ಮದಿಂದ ಎದ್ದು ನಿಲ್ಲಿ ಎಂದು. ಈಚೆಗೆ ನೀನು ಕೂತಲ್ಲೇ ಕಣ್ಣು ಮುಚ್ಚಿ ಆತ್ಮದಿಂದ ನಿಲ್ಲುತ್ತೀಯ. ನಾನು ಪಕ್ಕದಲ್ಲಿ ನಿಂತು ನಿನ್ನ ಪಾಲಿನದನ್ನೂ ಹಾಡಿದ್ದೇನೆ. ಗುರುವಾರ ಅದು ಸಾಲದು ಸಿಗ್ರಿಡ್. ಬೇಕಾದರೆ ನನ್ನ ಹೆಗಲು ಹಿಡಿದುಕೋ, ಆದರೆ ದೇಹದಿಂದ ನಿಲ್ಲು.

ದೇವರು ನಿನ್ನ ಮಂಡಿಗಳಿಗೆ ಬಲ ಕೊಡಲಿ.

ಇನ್ನೂ ನಿನ್ನವಳಾಗಿಯೇ ಇರಬೇಕೆಂದಿರುವ,
ಅರ್ನೆಸ್ಟೀನ್