ನಾನು ಎಳೆದ ಕಡ್ಡಿ

ಮೊಂಗಾರ್, ಭೂತಾನ
೨೦ ಜನವರಿ ೨೦೨೪, ಶನಿವಾರ

ಮಂಗಲಕ್ಕ,

ನಿನ್ನ ತಂಗಿ ಆರಾಮವಾಗಿದ್ದಾಳೆ. ಮೊದಲು ಇದನ್ನು ಓದಿ ನಿರಾಳವಾಗು, ಮಿಕ್ಕಿದ್ದು ಆಮೇಲೆ. ಇಲ್ಲಿ ಚಳಿ ವಿಪರೀತ. ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಗುವಾಹಾಟಿ ತಲುಪುವಷ್ಟರಲ್ಲೇ ಅರ್ಧವಾಗಿತ್ತು, ಉಳಿದದ್ದನ್ನು ಇಲ್ಲಿನ ಶಿಕ್ಷಕರು ಅನ್ನಕ್ಕೆ ಕಲಸಿಕೊಂಡು ಮುಗಿಸಿದರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಮಾತಾಡುವವಳು, ಬನಹಟ್ಟಿಯ ಓಣಿಗೆಲ್ಲ ಕೇಳುತ್ತದೆ. ಅದಕ್ಕೇ ಈ ಪತ್ರ.

ಜಮಖಂಡಿ ಬಸ್ ನಿಲ್ದಾಣದಲ್ಲಿ ನೀನು ಕೇಳಿದ್ದೆ: "ಮುಧೋಳ ಸಾಲ್ಯಾಗ ಲೆಕ್ಕಾ ಕಲಿಸಿ ರಿಟೈರ್ ಆದಿ, ಈಗ ಅರವತ್ತೆರಡಕ್ಕ ಮತ್ತ ಆ ದೇಶಕ್ಕ ಯಾಕ ಹೊಂಟಿ ಬೇ?" ಅಲ್ಲಿನ ಶಿಕ್ಷಕರಿಗೆ ತರಬೇತಿ ಕೊಡಲು ಕರೆಸಿದ್ದಾರೆ ಎಂದೆ. ಅದು ಅರ್ಧ ಸುಳ್ಳು. ಅವರಾಗಿ ಕರೆದಿರಲಿಲ್ಲ, ನಾನೇ ಮೂರು ಸಲ ಅರ್ಜಿ ಹಾಕಿದ್ದೆ. ಕಾರಣ ಪೇಮಾ.

ಮೊದಲ ಸಲ ಇಲ್ಲಿ ಕಲಿಸಲು ಬಂದಾಗ ನಾನು ಬಾಡಿಗೆಗಿದ್ದ ಮನೆಯ ಹುಡುಗಿ ಆಕೆ. ಆಗ ಹನ್ನೆರಡು ವರ್ಷ, ನನ್ನದೇ ಕ್ಲಾಸು. ಆಕೆಯ ತಾಯಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕುಳಿತು ನೇಯುವವರು. ಹಿರಿಮಗಳ ಮದುವೆಗೆಂದು ಆರು ತಿಂಗಳಿಂದ ರೇಷ್ಮೆ ಬಟ್ಟೆ ನೇಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದರು. ಮಗ್ಗದಲ್ಲಿ ಎರಡು ಎಳೆ ತೊಡಕಿಕೊಂಡದ್ದು ಕಣ್ಣಿಗೆ ಬಿತ್ತು. ನೇಕಾರರ ಮಗಳ ಕೈ ಸುಮ್ಮನಿರುತ್ತದೆಯೇ? ನಮ್ಮ ಮಗ್ಗದಲ್ಲಿ ಎಳೆ ಬಿಡಿಸುವಾಗ ಹಾಸಿನ ಉದ್ದೆಳೆಗಳೊಳಗಿನ ಒಂದು ಕಡ್ಡಿ ಎಳೆದುಕೊಳ್ಳುತ್ತೇವಲ್ಲ, ಇನ್ನೊಂದು ಕಡ್ಡಿ ಎಳೆಗಳನ್ನು ಹಿಡಿದಿರುತ್ತದೆ. ಹಾಗೆಯೇ ಎಳೆದೆ. ಅವರ ಹಾಸು ಬಳೆಯಂತೆ ಸುತ್ತು ಹಾಕಿರುತ್ತದೆ ಅಕ್ಕ, ಆ ಸುತ್ತನ್ನು ಕೂಡಿಸಿ ಹಿಡಿಯುವುದು ಅದೊಂದೇ ಕಡ್ಡಿ. ನೇಯದೆ ಉಳಿದ ಎಳೆಗಳೆಲ್ಲ ಬಿಚ್ಚಿ ನೆಲದ ಮೇಲೆ ರಾಶಿ ಬಿದ್ದವು.

ಕಡ್ಡಿಯನ್ನು ಅಲ್ಲೇ ಇಟ್ಟು ಶಾಲೆಗೆ ಹೋಗಿಬಿಟ್ಟೆ. ಸಂಜೆ ತಾಯಿ ಪೇಮಾಳನ್ನು ಹಿಡಿದರು, ಯಾಕೆಂದರೆ ಮಗ್ಗದ ಹತ್ತಿರ ಆಡುವವಳು ಆಕೆಯೇ. ಎಡಗೆನ್ನೆಗೆ ಹೊಡೆದು, ಇನ್ನು ಮಗ್ಗ ಮುಟ್ಟಕೂಡದು ಎಂದರು. ನಾನು ಒಲೆಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ. ಅಪ್ಪ ಹೇಳುತ್ತಿದ್ದರಲ್ಲ, "ಎಳಿ ಹರದದ್ದು ಕಂಡ ಕೂಡ್ಲೆ ಗಂಟ ಹಾಕ್ರಿ, ಹಂಗ ಮುಂದ ನೇಯಬ್ಯಾಡ್ರಿ" ಎಂದು. ನಾನು ಇಪ್ಪತ್ತಾರು ವರ್ಷ ಹಾಗೇ ಮುಂದೆ ನೇಯ್ದೆ. ಪೇಮಾ ಇಲ್ಲೇ ಗಣಿತದ ಶಿಕ್ಷಕಿಯಾಗಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದ ಮೇಲೆ ಮಾತ್ರ ತಡೆಯಲಾಗಲಿಲ್ಲ.

ಕಳೆದ ಸೋಮವಾರ ಮೊದಲ ಪಾಠ. ಇಪ್ಪತ್ತನಾಲ್ಕು ಶಿಕ್ಷಕರು, ಪೇಮಾ ಮುಂದಿನ ಸಾಲಿನಲ್ಲೇ. ನಾನು ಹೇಳಬೇಕಾಗಿದ್ದದ್ದು, ಮಗು ತಪ್ಪು ಉತ್ತರ ಬರೆದರೆ ಬಯ್ಯುವ ಮೊದಲು ಅದರ ಮಾತು ಕೇಳಿ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವಳೂ ನಾನೇ, ಹೆಗಲೂ ನನ್ನದೇ. ಹತ್ತು ನಿಮಿಷಕ್ಕಿಂತ ಹೆಚ್ಚು ಪಾಠ ಮುಂದುವರಿಯಲಿಲ್ಲ. ಚಾಕ್ ಕೆಳಗಿಟ್ಟು, ಪೇಮಾಳ ಹೆಸರು ಹಿಡಿದು ಕರೆದು, ಎಲ್ಲರೆದುರು ಹೇಳಿಬಿಟ್ಟೆ. ಆಕೆ ಎದ್ದು ಹೋದರೆ ಮರುದಿನವೇ ಗಂಟುಮೂಟೆ ಕಟ್ಟುವುದೆಂದು ನಿರ್ಧರಿಸಿದ್ದೆ.

ಆಕೆ ಹೋಗಲಿಲ್ಲ. ತನಗೆ ಅಂದೇ ಗೊತ್ತಿತ್ತು ಎಂದಳು. ಮರೆತ ಪುಸ್ತಕ ಒಯ್ಯಲು ಮನೆಗೆ ಬಂದವಳು ಬಾಗಿಲಿನಿಂದ ನೋಡಿದ್ದಳಂತೆ. ಮತ್ತೇಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಎರಡು ವರ್ಷದಲ್ಲಿ ಅವರ ಶಾಲೆಗೆ ಬಂದ ಮೂರನೆಯ ಲೆಕ್ಕದ ಮಿಸ್ ನಾನು. ತಾಯಿ ನನ್ನನ್ನು ಮನೆಯಿಂದ ಹೊರಗೆ ಹಾಕಿದರೆ ನಾನೂ ಊರು ಬಿಟ್ಟು ಹೋಗುತ್ತೇನೆಂದು ಹೆದರಿದ್ದಳಂತೆ. ಮಗ್ಗ ತಪ್ಪಿದ್ದರಿಂದ ಲೆಕ್ಕ ಮಾಡಲು ಹೊತ್ತು ಸಿಕ್ಕಿತು ಎಂದು ನಕ್ಕಳು ಕೂಡ. ನಾನು ಅಷ್ಟೂ ಜನರೆದುರು ಅತ್ತೆ, ನಾಚಿಕೆಯಾಗಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು ಅಕ್ಕ. ಅಂದಿನಿಂದ ಊಟ ರುಚಿಸುತ್ತಿದೆ, ಪಾಠವೂ ಛಲೋ ನಡೆದಿದೆ.

ಒಂದು ಕೆಲಸ ಉಳಿದಿದೆ. ಪೇಮಾಳ ತಾಯಿ ಇನ್ನೂ ಇದ್ದಾರೆ, ಎಂಬತ್ತರ ಹತ್ತಿರ. ಅವರ ಲೆಕ್ಕದಲ್ಲಿ ಇಂದಿಗೂ ತಪ್ಪು ಮಗಳದೇ. ಹೋಗಲಿ ಬಿಡಿ ಮಿಸ್ ಎನ್ನುತ್ತಾಳೆ ಪೇಮಾ. ನಾನು ಬಿಡುವುದಿಲ್ಲ. ನಾಳೆ ಹೋಗುತ್ತೇನೆ, ಬಯ್ದರೆ ಬಯ್ಯಿಸಿಕೊಂಡು ಬರುತ್ತೇನೆ.

ನಿನ್ನ ತಂಗಿ,
ಯಶೋಧರಾ

ತಾ.ಕ.: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಹೋಗಿ ಬಂದೆ. ನನ್ನ ಮಾತನ್ನು ಅವರ ಭಾಷೆಯಲ್ಲಿ ಹೇಳು ಎಂದರೆ ಪೇಮಾ ಒಪ್ಪಲಿಲ್ಲ. ನನಗೆ ನೆನಪಿದ್ದ ಹರಕುಮುರುಕು ಭಾಷೆಯಲ್ಲಿ ನಾನೇ ಹೇಳಿದೆ. ಮುದುಕಿ ಪೂರ್ತಿ ಕೇಳಿದರು. ಬಯ್ಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಗಳನ್ನು ಹತ್ತಿರ ಕರೆದು, ಮೂವತ್ತೆಂಟು ವರ್ಷದ ಆಕೆಯ ಎಡಗೆನ್ನೆಯ ಮೇಲೆ ಅಂಗೈ ಇಟ್ಟು ಹಾಗೇ ಕುಳಿತರು. ಕ್ಲಾಸಿನಲ್ಲಿ ನಕ್ಕು ಮುಗಿಸಿದ್ದ ಪೇಮಾ ಆಗ ಅತ್ತಳು.